ಉಪಗ್ರಹದ ಕಣ್ಣು

ಕಾವಲು ಕ್ಯಾಂಪು, ಜೋಯಿಡಾ ಕಾಡು
12 ಫೆಬ್ರುವರಿ 2025

ಅತ್ತೆಯವರಿಗೆ ಕಾಜಲ್ ಇಲ್ಲಿಂದಲೇ ಬಗ್ಗಿ ಮಾಡುವ ನಮಸ್ಕಾರ.

ಬಗ್ಗಿ ಎಂದು ಬರೆದದ್ದು ಬರೀ ಮರ್ಯಾದೆಗಲ್ಲ. ಬಂದ ದಿನದಿಂದ ನಾನು ಬಗ್ಗಿಯೇ ಇದ್ದೇನೆ. ಅಂಗಳ ಗುಡಿಸಲು ಸೊಸೆ ಬೇಸರ ಮಾಡುತ್ತಾಳೆ ಎಂದು ಪಕ್ಕದ ಮನೆಯ ಮಾಲವ್ವನ ಮುಂದೆ ನನ್ನನ್ನು ಆಡಿಕೊಳ್ಳುತ್ತಿದ್ದಿರಲ್ಲ, ಈಗ ಅವಳಿಗೆ ಹೇಳಿಬಿಡಿ: ನಮ್ಮ ಸೊಸೆ ಕಾಡನ್ನೇ ಗುಡಿಸುತ್ತಾಳೆ ಎಂದು. ಸುಳ್ಳಲ್ಲ. ಕಾಡಿನ ನಡುವೆ ಗಾಡಿದಾರಿಯಷ್ಟು ಅಗಲದ ಪಟ್ಟಿಯನ್ನು ಗುರುತು ಹಾಕಿ, ಅದರಲ್ಲಿ ಒಂದು ಎಲೆ, ಒಂದು ಕಡ್ಡಿ ಇರದ ಹಾಗೆ ಗುಡಿಸಬೇಕು. ಇದಕ್ಕೆ ಬೆಂಕಿ ರೇಖೆ ಎನ್ನುತ್ತಾರೆ. ಆ ಕಡೆ ಬೆಂಕಿ ಬಿದ್ದರೆ ತಿನ್ನಲು ಏನೂ ಸಿಗದೆ ಇಲ್ಲಿಗೆ ಬಂದು ನಿಂತುಹೋಗಲಿ ಎಂದು. ನಾವು ಗುಡಿಸಿ ಹಿಂದೆ ತಿರುಗಿದರೆ ತೇಗದ ಮರ ಮತ್ತೆ ನಾಲ್ಕು ಎಲೆ ಉದುರಿಸಿ ನಿಂತಿರುತ್ತದೆ. ನಿಮ್ಮ ಹಾಗೆಯೇ ಅದಕ್ಕೂ ನನ್ನ ಗುಡಿಸಾಟದಲ್ಲಿ ನಂಬಿಕೆ ಇಲ್ಲ.

ಇಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ವೈರ್‌ಲೆಸ್ ಇದೆ, ಅದು ಸರಕಾರದ ಮಾತಿಗೆ ಮಾತ್ರ. ಆದ್ದರಿಂದ ಪತ್ರ. ರೇಷನ್ ತರುವ ಜೀಪು ನಮ್ಮ ಪತ್ರಗಳನ್ನು ಒಯ್ದು ಜೋಯಿಡಾದಲ್ಲಿ ಅಂಚೆಗೆ ಹಾಕುತ್ತದೆ, ಬಂದದ್ದನ್ನು ತರುತ್ತದೆ. ಅಂಬಿಕಾನಗರದಿಂದ ನಿಮ್ಮ ಮಗ ಬರೆದ ಪತ್ರವೂ ಒಂದು ಬಂತು. ಅದರಲ್ಲಿ ಮೂರು ಸಾಲು ಇತ್ತು, ಎರಡು ಸಾಲು ಊಟದ ಬಗ್ಗೆ.

ನನ್ನ ಜೊತೆ ಹಳಿಯಾಳ ಕಡೆಯ ಹುಸೇನಬಿ ಎಂಬ ಅಕ್ಕ ಇದ್ದಾಳೆ. ಸಿದ್ದಿ ಸಮುದಾಯದವಳು, ಈ ಕೆಲಸದಲ್ಲಿ ಪಳಗಿದವಳು, ನಕ್ಕರೆ ಮಂಗಗಳು ಓಡುತ್ತವೆ. ಬೆಳಿಗ್ಗೆ ಇಲ್ಲಿ ಸ್ವೆಟರ್ ಬೇಕು, ಹುಲ್ಲೆಲ್ಲ ಮಂಜಿನಿಂದ ಒದ್ದೆ. ಬಿಸಿಲೇರಿದರೆ ಅದೇ ಎಲೆ ಹಪ್ಪಳದ ಹಾಗೆ ಮುರಿಯುತ್ತದೆ, ಬಯಲುಸೀಮೆಯ ಕಡೆಯಿಂದ ಒಣಗಾಳಿ ಇಳಿಯುತ್ತದೆ. ಹುಸೇನಬಿ ಅಕ್ಕ ಅದನ್ನು ಧಾರವಾಡದ ಗಾಳಿ ಎನ್ನುತ್ತಾಳೆ. ಆ ಗಾಳಿ ಎದ್ದರೆ ಒಲೆ ಹಚ್ಚಲೂ ನಮಗೆ ಅಪ್ಪಣೆ ಇಲ್ಲ.

ಮೊನ್ನೆ ಒಂದು ಸಣ್ಣ ಬೆಂಕಿ ಆರಿಸಿದೆವು. ನಾನು ಹುಮ್ಮಸ್ಸಿನಲ್ಲಿ ನೇರ ಅದರ ಎದುರಿಗೇ ಹೋಗಿ ನಿಂತೆ. ಅಕ್ಕ ರವಿಕೆ ಹಿಡಿದು ಹಿಂದಕ್ಕೆ ಎಳೆದಳು. "ಬೆಂಕೀ ಎದುರಿಗೆ ನಿಂದರಬ್ಯಾಡ, ಮಗ್ಗಲಿಂದ ಬಡಿ. ಸುಟ್ಟು ಕರ್ರಗಾದ ನೆಲದ ಮ್ಯಾಲ ಕಾಲಿಡು, ಅಲ್ಲಿ ಮತ್ತ ಸುಡಾಕ ಏನೂ ಉಳದಿರೂದಿಲ್ಲ" ಎಂದಳು. ಹಸಿ ಟೊಂಗೆಯಿಂದ ಬಡಿದು ಬಡಿದು ಆರಿಸಿದೆವು. ಇನ್ನೊಂದು ವಿಚಿತ್ರ ಕೇಳಿ. ಎಲ್ಲಾದರೂ ಬೆಂಕಿ ಬಿದ್ದರೆ ನಮ್ಮ ಫಾರೆಸ್ಟರ್ ಲೋಕೇಶ ಸಾಹೇಬರು ದಾಂಡೇಲಿಯಲ್ಲಿ ಕೂತಿದ್ದರೂ ಅವರ ಮೊಬೈಲಿನಲ್ಲಿ ಕೆಂಪು ಚುಕ್ಕೆ ಮೂಡುತ್ತದೆ.

ಯುಗಾದಿಯವರೆಗೆ ಎಂದು ನೀವು ಈ ಬೆಂಕಿ ಕಾವಲಿನ ಕೆಲಸಕ್ಕೆ ಕಳಿಸಿದ್ದೀರಿ. ಮಾತು ನೆನಪಿದೆ. ಮಾವನವರಿಗೆ ನಮಸ್ಕಾರ.

ನಿಮ್ಮ ಕಾಡು ಗುಡಿಸುವ ಸೊಸೆ,
ಕಾಜಲ್

—

ಇಂದೂರ, ತಾಲ್ಲೂಕು ಮುಂಡಗೋಡ
20 ಫೆಬ್ರುವರಿ 2025

ಸೊಸೆ ಕಾಜಲ್‌ಗೆ ಅತ್ತೆ ಗೋಪಿಬಾಯಿಯ ಆಶೀರ್ವಾದ ಮೊದಲು, ಬೈಗುಳ ಆಮೇಲೆ.

ಪತ್ರವನ್ನು ಪುಸ್ತಕದ ಭಾಷೆಯಲ್ಲೇ ಬರೆಯಬೇಕು ಎಂದು ನಾಲ್ಕನೇ ಇಯತ್ತೆಯಲ್ಲಿ ನಮ್ಮ ಮಾಸ್ತರರು ಕಲಿಸಿದ್ದರು. ಆದ್ದರಿಂದ ನಾನು ಹೀಗೆ ಬರೆಯುತ್ತಿದ್ದೇನೆ. ಬಾಯಿಯಲ್ಲಿ ಬೈದರೆ ಹೇಗಿರುತ್ತದೆ ಎಂದು ನಿನಗೆ ಗೊತ್ತೇ ಇದೆ, ಅದನ್ನು ನೀನೇ ಸೇರಿಸಿಕೊಂಡು ಓದು.

ಬೆಂಕಿಯ ಎದುರಿಗೆ ಹೋಗಿ ನಿಂತೆ ಎಂದು ಬರೆದಿದ್ದೀಯಲ್ಲ, ಅದು ಹೆಮ್ಮೆಯ ಸಂಗತಿಯೇ? ಆ ಹುಸೇನಬಿಗೆ ನನ್ನ ಹೆಸರಿನಲ್ಲಿ ಕೈ ಮುಗಿ. ಅವಳು ಹೇಳಿದ ಹಾಗೆ ಕೇಳು. ನನ್ನ ಮಾತು ಕೇಳದಿದ್ದರೂ ಚಿಂತೆಯಿಲ್ಲ, ಅದು ನಿನಗೆ ರೂಢಿಯಾಗಿದೆ.

ಪತ್ರವನ್ನು ಕಟ್ಟೆಯ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಮಾಲವ್ವ ಬಂದಿದ್ದಳು. ಮೊಬೈಲಿನಲ್ಲಿ ಚುಕ್ಕೆ ಮೂಡುವ ಮಾತನ್ನು ಇಲ್ಲಿ ಯಾರೂ ನಂಬಲಿಲ್ಲ. "ಆ ಸಾಹೇಬಗ ಯಾರೋ ಫೋನ್ ಮಾಡಿ ಹೇಳಿರ್ತಾರ, ಇಕಿ ಮುಂದ ದೊಡ್ಡಸ್ತನ ಮಾಡ್ಯಾನ" ಎಂದಳು ಮಾಲವ್ವ. ನನಗೂ ಹಾಗೇ ಅನಿಸಿತು. ನಿನ್ನ ಮಾವ ಜೈರಾಮ ಅವರು ದಿನಕ್ಕೆ ಒಂದೇ ಮಾತಾಡುವವರು. ಆ ಒಂದನ್ನೂ ನಿನಗೇ ಖರ್ಚು ಮಾಡಿದರು: "ಹುಡುಗಿ ಚಲೋ ಅದಾಳಲ್ಲ, ಸಾಕ ಬಿಡು."

ಹೊಲದ ಕೆಲಸ ಸಾಗಿದೆ. ಈ ಸಲ ನಮ್ಮ ಬದುಗಳು ಬಹಳ ಸ್ವಚ್ಛವಾಗಿವೆ. ಹುಲ್ಲಿಲ್ಲ, ಮುಳ್ಳಿಲ್ಲ, ಕರ್ರಗೆ ಕನ್ನಡಿಯಂತಿವೆ. ಹೇಗೆ ಎಂದು ಕೇಳಬೇಡ. ನಾವು ಹಳೆಯ ರೈತರು, ನಮಗೆ ನಮ್ಮ ದಾರಿ ಇದೆ. ಇನ್ನೂ ತೆಂಕಣ ಬದು ಉಳಿದಿದೆ, ಅದೂ ಈ ವಾರ ಆಗುತ್ತದೆ.

ನೀನಿಲ್ಲದೆ ಮನೆಯಲ್ಲಿ ಜಗಳ ಆಡುವವರೇ ಇಲ್ಲ. ನಿನ್ನ ಮಾವನ ಜೊತೆ ಆಡೋಣವೆಂದರೆ ಅವರು ಎದ್ದು ದನದ ಕಡೆ ಹೋಗುತ್ತಾರೆ. ಓಣಿಯವರು ಕೇಳುತ್ತಾರೆ, ಸೊಸೆಯನ್ನು ಕಾಡಿಗೆ ಕಳಿಸಿದಿರೇನು ಎಂದು. ನಾನು ಕೆಲಸಕ್ಕೆ ಹೋಗಿದ್ದಾಳೆ ಎಂದು ಬಾಯಲ್ಲೇ ನುಂಗಿ ಮಾತು ತಿರುಗಿಸುತ್ತೇನೆ. ಯುಗಾದಿ ಎಂದರೆ ಯುಗಾದಿ. ಅದರ ಮರುದಿನ ಅಲ್ಲ.

ಗೋಪಿಬಾಯಿ

—

ಕಾವಲು ಕ್ಯಾಂಪು
1 ಮಾರ್ಚ್ 2025

ಅತ್ತೆಯವರಿಗೆ ಕಾಜಲ್ ಮಾಡುವ ನಮಸ್ಕಾರ. ಬೈಗುಳ ಸೇರಿಸಿಕೊಂಡೇ ಓದಿದೆ. ಹುಸೇನಬಿ ಅಕ್ಕನಿಗೂ ಓದಿ ಹೇಳಿದೆ. "ನಿಮ್ಮತ್ತೀನ ಇಲ್ಲಿಗೆ ಕರಕೊಂಡು ಬಾ, ಬೆಂಕಿ ತಾನ ಹೆದರಿ ಓಡತೈತಿ" ಎಂದಳು.

ನಿನ್ನೆ ನಮ್ಮನ್ನೆಲ್ಲ ಜೀಪಿನಲ್ಲಿ ದಾಂಡೇಲಿಗೆ ಕರೆದುಕೊಂಡು ಹೋಗಿದ್ದರು. ಬೂಟು ಕೊಟ್ಟರು. ಕಚೇರಿಯ ಹೊರಗೆ ಒಂದು ಹಲಗೆ ಇದೆ. ಬಿಸಿಲು, ಗಾಳಿ, ಒಣಗು ಎಲ್ಲ ಲೆಕ್ಕ ಹಾಕಿ ದಿನಕ್ಕೊಂದು ಬಣ್ಣ ಬರೆಯುತ್ತಾರೆ. ಹಸಿರು ಇದ್ದರೆ ನಮಗೆ ಉಸಿರಾಡಲು ಪುರುಸೊತ್ತು, ಹಳದಿ ಇದ್ದರೆ ಎಚ್ಚರ, ಕೆಂಪು ಇದ್ದರೆ ಯಾರೂ ಕ್ಯಾಂಪು ಬಿಡುವ ಹಾಗಿಲ್ಲ. ಈ ತಿಂಗಳು ಹಸಿರು ಸೀಮೆಸುಣ್ಣಕ್ಕೆ ಕೆಲಸವೇ ಇರುವುದಿಲ್ಲ ಎಂದು ಅಲ್ಲಿಯವರು ನಗುತ್ತಾರೆ.

ಲೋಕೇಶ ಸಾಹೇಬರು ಒಂದು ಮಾತು ಕೇಳಿದ್ದಾರೆ. "ಯುಗಾದಿ ಆದಮ್ಯಾಲೂ ಇರ್ತಿಯೇನವಾ? ಮಳಿ ಬರೂತನಕ ಇದ್ದರ ವರ್ಷಪೂರ್ತಿ ಕೆಲಸಕ್ಕ ನಿನ್ನ ಹೆಸರು ಕಳಸ್ತೇನಿ." ನನಗೆ ಎದೆ ಧಸಕ್ಕೆಂದಿತು ಅತ್ತೆ. ಖುಷಿಗೆ. ನಮ್ಮ ಅತ್ತೆಯವರನ್ನು ಕೇಳಿ ಹೇಳುತ್ತೇನೆ ಎಂದೆ. ಈ ಕೆಲಸ ನನಗೆ ಒಗ್ಗಿದೆ. ಆದರೆ ನಿಮಗೆ ಕೊಟ್ಟ ಮಾತನ್ನು ಮುರಿದು ಇರಲಾರೆ. ನೀವೇ ಹೇಳಿ.

ಇನ್ನೊಂದು ವಿಷಯವನ್ನು ಬರೆಯಲೋ ಬೇಡವೋ ಎಂದು ಎರಡು ಸಲ ಪೆನ್ನು ಕೆಳಗಿಟ್ಟೆ. ನಮ್ಮ ಹೊಲದ ಮೇಲೆ ಉಪಗ್ರಹದ ಕಣ್ಣು ಬಿದ್ದಿದೆ. ಒಂದಲ್ಲ, ಎರಡು ಸಲ ಬಿದ್ದಿದೆ. ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ಮತ್ತೊಮ್ಮೆ ಬಿದ್ದರೆ ನನ್ನ ಕೆಲಸಕ್ಕೂ ಕುತ್ತು, ಮನೆಗೂ ತೊಂದರೆ. ಏನು ಮಾಡಬೇಕು ಎಂದು ನಿಮಗೇ ಗೊತ್ತು. ನೀವು ದೊಡ್ಡವರು, ಸೊಸೆಯಾಗಿ ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಜಾಣರಿಗೆ ಇಷ್ಟು ಸಾಕಲ್ಲವೇ?

ನಿಮ್ಮ
ಕಾಜಲ್

—

ಇಂದೂರ
8 ಮಾರ್ಚ್ 2025

ನನ್ನ ಮಗಳಂಥ ಕಾಜಲ್‌ಗೆ ಅನೇಕ ಅನೇಕ ಆಶೀರ್ವಾದ. ಈ ಸಲ ಬೈಗುಳ ಇಲ್ಲ.

ಪತ್ರ ಓದಿದ ಮೇಲೆ ನನಗೆ ಊಟ ಸೇರಲಿಲ್ಲ. ಇಂಥ ದೊಡ್ಡ ಸಂಗತಿಯನ್ನು ಬರೆಯಲೋ ಬೇಡವೋ ಎಂದು ಯಾರಾದರೂ ಯೋಚಿಸುತ್ತಾರೆಯೇ? ಕಣ್ಣು ಬಿದ್ದದ್ದು ನಿನಗೆ ಗೊತ್ತಾದದ್ದೇ ಒಳ್ಳೆಯದಾಯಿತು. ಬಹುಶಃ ದಾಂಡೇಲಿಯಲ್ಲಿ ಯಾರೋ ತಿಳಿದವರು ಕೈ ನೋಡಿ ಹೇಳಿರಬೇಕು. ನೀನು ಹೆದರಬೇಡ. ನಾನಿದ್ದೇನೆ.

ಮರುದಿನವೇ ಮುಂಡಗೋಡ ಸಂತೆಗೆ ಹೋದೆ. ಅಲ್ಲಿ ಪಂಚಾಂಗ ಹರವಿಕೊಂಡು ಕೂರುವ ಸಿದ್ದಲಿಂಗ ನಿನಗೆ ಗೊತ್ತಲ್ಲ. ಗ್ರಹವಾದರೆ ಅವನಿಗೆ ಬಾಯಿಪಾಠ. ಉಪಗ್ರಹ ಎಂದೊಡನೆ ಕನ್ನಡಕ ತೆಗೆದು ಒರೆಸಿದ. ಬಹಳ ಹೊತ್ತು ಹಾಳೆ ತಿರುವಿದ. ಆಮೇಲೆ ತೊಡೆ ತಟ್ಟಿ, "ಸಿಕ್ಕಿತು ನೋಡ್ರಿ ಬಾಯಾರ! ಧೂಮ ಅಂತ ಒಂದು ಉಪಗ್ರಹ ಐತಿ. ಕಣ್ಣಿಗೆ ಕಾಣೂದಿಲ್ಲ, ಆದ್ರ ಮ್ಯಾಲ ಕುಂತು ಎಲ್ಲಾ ನೋಡತೈತಿ. ಅದರ ದೃಷ್ಟಿನ ಬಿದ್ದೈತಿ" ಎಂದ. ಧೂಮ ಎಂದರೆ ಹೊಗೆ ಅಂತೆ. ನೀನು ದಿನಾ ಹೊಗೆಯಲ್ಲೇ ಇರುವವಳು.

ಪರಿಹಾರ ಕಷ್ಟದ್ದಲ್ಲ. ಒಂಬತ್ತು ಗ್ರಹಕ್ಕೆ ಮಾಡುವಷ್ಟು ಬೇಡ, ಇದು ಸಣ್ಣದು, ಆದ್ದರಿಂದ ಅರ್ಧ ಕೊಬ್ಬರಿ ಸಾಕಂತೆ. ಹೋಳಿ ಹುಣ್ಣಿಮೆಯ ಮಟಮಟ ಮಧ್ಯಾಹ್ನ, ಕಣ್ಣು ಬಿದ್ದ ಹೊಲದಲ್ಲೇ ಮುತ್ತುಗದ ಕಟ್ಟಿಗೆ ಒಟ್ಟಿ, ತುಪ್ಪ ಹಾಕಿ, ಮೇಲೆ ಹಸಿ ಸೊಪ್ಪು ಹಾಕಿ ಹೊಗೆ ಎಬ್ಬಿಸಬೇಕು. "ಹೊಗಿ ಎಷ್ಟು ಎತ್ತರಕ್ಕ ಹೋಗತೈತೋ ಅಷ್ಟು ಚಲೋ. ಉಪಗ್ರಹಕ್ಕ ಮುಟ್ಟಬೇಕು ನೋಡ್ರಿ" ಎಂದ. ಮುಟ್ಟಿಸುತ್ತೇನೆ ಎಂದೆ. ಮುತ್ತುಗದ ಕಟ್ಟಿಗೆಯನ್ನು ನಿನ್ನ ಮಾವ ಆಗಲೇ ತಂದು ಒಟ್ಟಿದ್ದಾರೆ. ನಿನ್ನ ಗಂಡ ಮಾಲತೇಶನಿಗೆ ಹೇಳಿಲ್ಲ, ಅವನು ನಗುತ್ತಾನೆ.

ನೌಕರಿಯ ಮಾತು ಕೇಳಿದ್ದೀಯ. ಅದನ್ನು ನೀನು ಯುಗಾದಿಗೆ ಬಂದಾಗ ಎದುರು ಕೂತು ಮಾತಾಡೋಣ. ಪತ್ರದಲ್ಲಿ ಬೇಡ.

ನಿನ್ನ ಅತ್ತೆ,
ಗೋಪಿಬಾಯಿ

—

ಕಾವಲು ಕ್ಯಾಂಪು
14 ಮಾರ್ಚ್ 2025, ಹೋಳಿ ಹುಣ್ಣಿಮೆ

ಅತ್ತೆ! ನಮಸ್ಕಾರಕ್ಕೂ ಪುರುಸೊತ್ತಿಲ್ಲ.

ನಿಮ್ಮ ಪತ್ರ ಇವತ್ತಿನ ಜೀಪಿನಲ್ಲಿ ಬಂತು. ಇವತ್ತೇ! ನಿಂತಲ್ಲೇ ಓದಿದೆ. ಸಿದ್ದಲಿಂಗ ಕನ್ನಡಕ ಒರೆಸಿದಲ್ಲಿಗೆ ಬರುವಷ್ಟರಲ್ಲಿ ಹುಸೇನಬಿ ಅಕ್ಕ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಕೂತಿದ್ದಳು. ಆಮೇಲೆ ಇಬ್ಬರಿಗೂ ಒಟ್ಟಿಗೇ ನೆನಪಾಯಿತು, ಹೋಳಿ ಇವತ್ತೇ. ಇವತ್ತಿನ ಬಣ್ಣ ಕೆಂಪು. ಧಾರವಾಡದ ಗಾಳಿ ಬೆಳಿಗ್ಗೆಯೇ ಎದ್ದಿದೆ.

ಅತ್ತೆ, ಉಪಗ್ರಹ ಎಂದರೆ ಧೂಮ ಅಲ್ಲ, ಗುಳಿಕ ಅಲ್ಲ, ಯಾವ ಗ್ರಹವೂ ಅಲ್ಲ. ಮನುಷ್ಯರು ಮಾಡಿ ಆಕಾಶಕ್ಕೆ ಹಾರಿಸಿದ ಯಂತ್ರ. ಅದು ಮೇಲಿನಿಂದ ನೋಡುತ್ತದೆ, ಎಲ್ಲಿ ಬೆಂಕಿ ಕಂಡರೂ ಸಾಹೇಬರ ಮೊಬೈಲಿಗೆ ಕೆಂಪು ಚುಕ್ಕೆ ಕಳಿಸುತ್ತದೆ. ನಮ್ಮ ಹೊಲದ ಮೇಲೆ ಎರಡು ಚುಕ್ಕೆ ಮೂಡಿದ್ದನ್ನು ನಾನು ದಾಂಡೇಲಿಯಲ್ಲಿ ಕಣ್ಣಾರೆ ಕಂಡೆ. ನೀವು ಬದು ಸುಡುತ್ತಿದ್ದೀರಿ, ಇನ್ನು ಸುಡಬೇಡಿ ಎಂದು ಹೇಳಬೇಕಾಗಿತ್ತು. ಅಷ್ಟೇ. ಅಷ್ಟನ್ನು ನೇರ ಹೇಳಲು ಆಗದೆ ಕಣ್ಣು ಬಿದ್ದಿದೆ ಎಂದು ಬರೆದ ನನ್ನ ಕೈಗೆ ಏನೆನ್ನಲಿ! ಬೆಂಕಿ ಹಚ್ಚಬೇಡಿ ಎನ್ನಲು ಹೋಗಿ ನಿಮ್ಮ ಕೈಯಲ್ಲಿ ಬೆಂಕಿಪೊಟ್ಟಣ ಕೊಟ್ಟೆ.

ಈ ಪತ್ರ ನಿಮ್ಮ ಕೈ ಸೇರುವ ಹೊತ್ತಿಗೆ ಎಲ್ಲ ಆಗಿಹೋಗಿರುತ್ತದೆ ಎಂದು ಗೊತ್ತು. ಆದರೂ ಬರೆಯದೆ ಇರಲಾಗುತ್ತಿಲ್ಲ. ಈಗಷ್ಟೇ ಒಂದು ಕಡೆ ಓಡಿಹೋಗಿ ಬಂದೆ, ಎಲ್ಲಿಗೆ ಎಂದು ಆಮೇಲೆ ಹೇಳುತ್ತೇನೆ. ಜೀಪು ಹಾರನ್ ಹೊಡೆಯುತ್ತಿದೆ.

ಏನಾದರೂ ಆದರೆ ನೀವು ಎದುರಿಗೆ ನಿಲ್ಲಬೇಡಿ. ನೀವು ಎದುರಿಗೇ ನಿಲ್ಲುವವರು, ಅದಕ್ಕೇ ನನಗೆ ಭಯ.

ಕಾಜಲ್

—

ಇಂದೂರ
16 ಮಾರ್ಚ್ 2025

ಕಾಜಲ್, ಶಾಂತಿ ಮುಗಿಯಿತು. ನಿನ್ನ ದೋಷ ಪೂರ್ತಿ ಕಳೆಯಿತು. ಪುರಾವೆ ಸಮೇತ ಬರೆಯುತ್ತೇನೆ, ಕೂತು ಓದು.

ಸಿದ್ದಲಿಂಗ ಹೇಳಿದ ಹೊತ್ತಿಗೆ ಸರಿಯಾಗಿ ಬಂದ. ಕಟ್ಟಿಗೆ ಒಟ್ಟಿದೆವು, ತುಪ್ಪ ಹಾಕಿದೆವು, ಕೊಬ್ಬರಿ ಇಟ್ಟೆವು. ಅವನು ಎರಡು ಮಂತ್ರ ಹೇಳುವಷ್ಟರಲ್ಲಿ ಗಾಳಿ ಬಂತು ನೋಡು. ಎಲ್ಲಿತ್ತೋ ಏನೋ. ಉರಿಯುವ ಸೊಪ್ಪನ್ನು ಎತ್ತಿಕೊಂಡು ಹೋಗಿ ತೆಂಕಣ ಬದುವಿನ ಆಚೆಯ ಒಣಹುಲ್ಲಿಗೆ ಹಾಕಿತು. ನಾನು ಹುಟ್ಟಿ ಬೆಳೆದದ್ದು ಒಲೆಯ ಮುಂದೆ, ಆದರೆ ಬೆಂಕಿ ಹಾಗೆ ಓಡುವುದನ್ನು ಕಂಡಿರಲಿಲ್ಲ. ಒಂದು ಬಾಯಿ ಮಾಲವ್ವನ ಬಣವೆಯ ಕಡೆ, ಇನ್ನೊಂದು ಕಾಡಿನ ಕಡೆ. ಸಿದ್ದಲಿಂಗನನ್ನು ನೋಡುತ್ತೇನೆ, ಪಂಚಾಂಗ ಇದೆ, ಅವನಿಲ್ಲ.

ಕೂಗಿದೆ. ಓಣಿಯ ಹೆಂಗಸರೆಲ್ಲ ಬಂದರು. ಎಲ್ಲರೂ ಕೊಡ ಹಿಡಿದು ಬಾವಿಯ ಕಡೆ ಓಡುತ್ತಿದ್ದರು. ಬಾವಿ ಎಲ್ಲಿ, ಬೆಂಕಿ ಎಲ್ಲಿ! ನಾನೇ ನಿಲ್ಲಿಸಿದೆ. "ಕೊಡಾ ಬಿಡ್ರಿ! ಹಸಿ ಟೊಂಗಿ ಮುರಕೊಳ್ರಿ! ಎದುರಿಗೆ ನಿಂದರಬ್ಯಾಡ್ರಿ, ಮಗ್ಗಲಿಂದ ಬಡೀರಿ! ಕರ್ರಗಾದಲ್ಲಿ ಕಾಲಿಡ್ರಿ!" ಎಂದು ಒದರಿದೆ. ನಿನ್ನ ಹುಸೇನಬಿಯ ಮಾತು ನನ್ನ ಬಾಯಿಂದ ಹೇಗೆ ಬಂತೋ. ಮಾಲವ್ವ, "ಇಕಿ ಯಾವಾಗ ಕಲಿತಳವಾ ಇದನ್ನ?" ಎನ್ನುತ್ತಲೇ ಬಡಿದಳು. ನಿನ್ನ ಮಾವ ನನ್ನ ಮಗ್ಗುಲಲ್ಲೇ ನಿಂತು ಬಡಿದರು, ಒಂದು ಮಾತೂ ಆಡದೆ.

ಆದರೂ ಕಾಡಿನ ಕಡೆಯದು ನಮ್ಮ ಕೈ ಮೀರುತ್ತಿತ್ತು. ಆಗ ನೋಡು ಪವಾಡ. ಯಾರೂ ಕರೆದಿರಲಿಲ್ಲ, ಯಾರಿಗೂ ಕರೆಯುವ ಎಚ್ಚರವೂ ಇರಲಿಲ್ಲ, ಅಷ್ಟರಲ್ಲಿ ಅರಣ್ಯ ಇಲಾಖೆಯ ಗಾಡಿ ದೂಳೆಬ್ಬಿಸುತ್ತ ನೇರ ನಮ್ಮ ಹೊಲಕ್ಕೇ ಬಂತು. ಹಾದಿಯಲ್ಲಿ ಗೋಪಿಬಾಯಿಯ ಹೊಲ ಯಾವುದು ಎಂದು ಕೇಳಿಕೊಂಡು ಬಂದರಂತೆ! ಇಳಿದು, ಬೆನ್ನಿಗೆ ಗಾಳಿ ಊದುವ ಯಂತ್ರ ಕಟ್ಟಿಕೊಂಡು, ಮುಂದೆ ಹೋಗಿ ಎಲೆ ಸರಿಸಿ ಹಾದಿ ಮಾಡಿದರು. ಬೆಂಕಿ ಅಲ್ಲಿಗೆ ಬಂದು ನಿಂತುಹೋಯಿತು. ಇದು ಶಾಂತಿಯ ಫಲ ಅಲ್ಲದೆ ಮತ್ತೇನು? ನನ್ನ ಹೆಸರನ್ನು ಅವರಿಗೆ ಯಾರು ಹೇಳಬೇಕು?

ಮಾಲವ್ವನ ಬಣವೆ ಒಂದು ಮೂಲೆ ಹೋಯಿತು. ನಮ್ಮ ಬಣವೆಯಿಂದ ತೆಗೆದುಕೋ ಎಂದು ಹೇಳಿದ್ದೇನೆ, ಒಳ್ಳೆಯ ಹುಲ್ಲನ್ನೇ ಆರಿಸಿ ಒಯ್ಯುತ್ತಿದ್ದಾಳೆ. ನನ್ನ ಎರಡೂ ಹುಬ್ಬು ಸುಟ್ಟಿವೆ. ಕಾಡಿಗೆಯಿಂದ ಬರೆದುಕೊಂಡಿದ್ದೇನೆ, ಸಂತೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಇಲಾಖೆಯವರು ಏನೋ ಕೇಳಿದರು, ನಾನೂ ಏನೋ ಹೇಳಿದೆ, ಬರೆದುಕೊಂಡು ಹೋದರು. ಅದು ದೊಡ್ಡ ವಿಷಯವಲ್ಲ.

ಇನ್ನು ನಿನ್ನ ತಂಟೆಗೆ ಯಾವ ಉಪಗ್ರಹವೂ ಬರುವುದಿಲ್ಲ.

ಗೋಪಿಬಾಯಿ

—

ಇಂದೂರ
20 ಮಾರ್ಚ್ 2025

ಕಾಜಲ್,

ನೀನು ಹೋಳಿಯ ದಿನ ಬರೆದ ಪತ್ರ ಈಗ ಬಂತು. ಓದಿದೆ. ಈ ಸಲ ಮನಸ್ಸಿನಲ್ಲೇ ಓದಿದೆ.

ಮಾಲವ್ವನಿಗೆ ಹೇಳಬೇಡ.

ಸಿದ್ದಲಿಂಗ ಪಂಚಾಂಗ ಕೇಳಲು ಬಂದಿದ್ದ. ಉಪಗ್ರಹವನ್ನು ಇಳಿಸಿಕೊಂಡು ಬಾ, ಆಮೇಲೆ ಕೊಡುತ್ತೇನೆ ಎಂದು ಕಳಿಸಿದ್ದೇನೆ.

ಗೋ.

—

ಕಾವಲು ಕ್ಯಾಂಪು
21 ಮಾರ್ಚ್ 2025

ಅತ್ತೆಯವರಿಗೆ ಕಾಜಲ್ ನಮಸ್ಕಾರ.

ನಿಮ್ಮ ಶಾಂತಿಯ ವರದಿ ಬಂತು. ಹುಬ್ಬಿನ ಭಾಗ ಓದಿ ಅಕ್ಕ ನಕ್ಕಳು, ನನಗೆ ಅಳು ಬಂತು, ಆಮೇಲೆ ಅದಲುಬದಲಾಯಿತು. ನೀವೆಲ್ಲ ನೆಟ್ಟಗಿದ್ದೀರಲ್ಲ, ನನಗೆ ಬೇರೆ ಏನೂ ಬೇಡ.

ಈಗ ಪವಾಡದ ವಿಷಯ. ಹೋಳಿಯ ದಿನ ನಾನು ಓಡಿದ್ದು ವೈರ್‌ಲೆಸ್ ಹತ್ತಿರಕ್ಕೆ. ಲೋಕೇಶ ಸಾಹೇಬರನ್ನು ಕರೆದು ಎಲ್ಲ ಹೇಳಿದೆ. ಇಂದೂರಿನ ಆ ಎರಡು ಚುಕ್ಕೆ ನಮ್ಮ ಹೊಲದ್ದೇ, ನನಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ, ಇವತ್ತು ಮಧ್ಯಾಹ್ನ ನಮ್ಮ ಅತ್ತೆ ಅಲ್ಲೇ ಬೆಂಕಿ ಹಚ್ಚುತ್ತಾರೆ, ದಯವಿಟ್ಟು ಮುಂಡಗೋಡಿನವರನ್ನು ಕಳಿಸಿ ಎಂದೆ. ನಿಮ್ಮ ಹೆಸರು ಹೇಳಿದವಳು ನಾನೇ. ಈ ಕೆಲಸ ಇನ್ನು ನನ್ನದಲ್ಲ ಎಂದುಕೊಂಡೇ ಹೇಳಿದೆ.

ನಿನ್ನೆ ಸಾಹೇಬರು ಕ್ಯಾಂಪಿಗೇ ಬಂದರು. ಮೊದಲು ಚೆನ್ನಾಗಿ ಬೈದರು. "ಚುಕ್ಕಿ ಕಂಡ ದಿವಸಾನ ಹೇಳಬೇಕಿತ್ತು. ಮನಿಯವರದು ಅಂತ ಬೆಂಕಿ ಸಣ್ಣದಾಗ್ತೈತೇನು?" ಎಂದರು. ನಾನು ತಲೆ ತಗ್ಗಿಸಿದೆ, ಅದು ನ್ಯಾಯದ ಬೈಗುಳ. ಆಮೇಲೆ ತಪ್ಪೆಲ್ಲ ನನ್ನದು, ಅತ್ತೆಗೆ ಉಪಗ್ರಹ ಎಂದರೇನು ಎಂದೇ ನಾನು ತಿಳಿಸಿರಲಿಲ್ಲ ಎಂದೆ. ಆಗ ಅವರು ಮುಂಡಗೋಡಿನಿಂದ ಬಂದ ನಿಮ್ಮ ಹೇಳಿಕೆಯನ್ನು ಓದಿದರು. ನೀವು ಹೇಳಿದ "ಏನೋ" ಅದು! "ನಮ್ಮ ಸೊಸಿ ಬೆಂಕಿ ಹಚ್ಚಬ್ಯಾಡ ಅಂತ ಸ್ವಚ್ಛ ಬರದಿದ್ಲ್ರಿ. ಓದಿನೂ ಹಚ್ಚಿದೆ. ತಪ್ಪು ನಂದು, ಆಕೀದೇನೂ ಇಲ್ಲ. ಆಕೀ ನೌಕರಿಗೆ ಕೈ ಹಚ್ಚಬ್ಯಾಡ್ರಿ."

ಅತ್ತೆ, ನಾನು ಎಲ್ಲಿ ಹಾಗೆ ಬರೆದಿದ್ದೆ? ನನಗೋಸ್ಕರ ಇಲಾಖೆಯವರ ಮುಂದೆ ಅಷ್ಟು ದೊಡ್ಡ ಸುಳ್ಳು ಹೇಳಿದಿರಿ, ಅದನ್ನು ನನಗೆ ತಿಳಿಸಲೂ ಇಲ್ಲ.

ಸಾಹೇಬರು ನನ್ನ ಮಾತನ್ನೂ ಬರೆದುಕೊಂಡು, ಎರಡೂ ಹೇಳಿಕೆಗಳನ್ನು ಪಕ್ಕಪಕ್ಕ ಹಿಡಿದುಕೊಂಡರು. "ಅತ್ತಿ-ಸೊಸಿ ತಪ್ಪು ನಿಂದು ತಪ್ಪು ನಿಂದು ಅಂತ ಬಡದಾಡೂದು ಬೇಕಾದಷ್ಟು ನೋಡೇನಿ. ತಪ್ಪು ನಂದು ನಂದು ಅಂತ ಬಡದಾಡೂದು ಇದ ಮೊದಲು" ಎಂದರು. ನಿಮಗೆ ಎಚ್ಚರಿಕೆ ಕೊಟ್ಟು ಬಿಟ್ಟಿದ್ದಾರೆ, ಇನ್ನೊಮ್ಮೆ ಆದರೆ ಬಿಡುವುದಿಲ್ಲವಂತೆ. ನನ್ನ ಕೆಲಸ ಹೋಗಿಲ್ಲ. ತಡವಾಗಿಯಾದರೂ ಬಾಯಿಬಿಟ್ಟೆ ಎಂದು ಇಟ್ಟುಕೊಂಡಿದ್ದಾರೆ. ವರ್ಷಪೂರ್ತಿಯ ಕೆಲಸಕ್ಕೆ ಹೆಸರು ಕಳಿಸಲೂ ಒಪ್ಪಿದ್ದಾರೆ. "ಯುಗಾದಿಯೊಳಗ ಹೂಂ ಅಥವಾ ಊಹೂಂ, ಒಂದು ಹೇಳು" ಎಂದು ಹೋದರು.

ಈ ಸಲ ಬಿಡಿಸಿಯೇ ಬರೆಯುತ್ತೇನೆ, ಸುತ್ತಿ ಬಳಸಿ ಬರೆದರೆ ಏನಾಗುತ್ತದೆ ಎಂದು ಕಂಡೆವಲ್ಲ. ನನಗೆ ಇಲ್ಲಿ ಇರುವ ಆಸೆ ಇದೆ. ಬಹಳ ಇದೆ. ಬೆಳಿಗ್ಗೆ ಎದ್ದು ಬೂಟು ಕಟ್ಟುವಾಗ ನಾನೂ ಒಬ್ಬಳು ಇದ್ದೇನೆ ಎನಿಸುತ್ತದೆ. ಆದರೆ ನನಗೋಸ್ಕರ ಹುಬ್ಬು ಸುಟ್ಟುಕೊಂಡ ಅತ್ತೆಗೆ ಕೊಟ್ಟ ಮಾತು ಅದಕ್ಕಿಂತ ದೊಡ್ಡದು. ಊಹೂಂ ಎಂದು ಹೇಳುತ್ತೇನೆ. ಯುಗಾದಿಯ ಹಿಂದಿನ ದಿನದ ಬಸ್ಸಿಗೆ ಬರುತ್ತೇನೆ. ಬೇಸರದಿಂದ ಬರೆಯುತ್ತಿಲ್ಲ, ನಂಬಿ. ಸ್ವಲ್ಪ ಇದೆ, ಬಂದು ನಾಲ್ಕು ದಿನ ಜಗಳವಾಡಿದರೆ ಹೋಗುತ್ತದೆ.

ನಿಮ್ಮ
ಕಾಜಲ್

—

ಇಂದೂರ
27 ಮಾರ್ಚ್ 2025

ಕಾಜಲ್‌ಗೆ ಅತ್ತೆಯ ಆಶೀರ್ವಾದ, ಬೈಗುಳ, ಎರಡೂ ಸೇರಿಸಿ.

ಅಂಚೆಗೆ ಹಾಕಿದರೆ ನೀನು ಗಂಟುಮೂಟೆ ಕಟ್ಟಿಕೊಂಡು ಹೊರಟ ಮೇಲೆ ಸಿಗುತ್ತದೆ. ಅದಕ್ಕೇ ಮಾಲತೇಶನ ಕೈಯಲ್ಲಿ ಕೊಟ್ಟಿದ್ದೇನೆ. ರಜೆಯ ಮೇಲೆ ಬಂದವನನ್ನು ಊಟಕ್ಕೂ ಕೂರಿಸದೆ ಬೈಕ್ ಹತ್ತಿಸಿದ್ದೇನೆ. ಅವನು ಬಂದೊಡನೆ ಏನಾದರೂ ತಿನ್ನಲು ಕೊಡು, ಆಮೇಲೆ ಓದು.

ಬದು ಸುಟ್ಟವಳು ನಾನೇ. ಎರಡು ಸಲ. ಅದನ್ನು ಪತ್ರದಲ್ಲಿ ಸ್ವಚ್ಛ ಎಂದು ಬರೆದದ್ದೂ ನಾನೇ. ನೀನು ಸೊಸೆ ಎಂದು ಬಾಯಿ ಕಟ್ಟಿಕೊಂಡೆ, ನಾನು ಅತ್ತೆ ಎಂದು ಬಾಯಿ ಕಟ್ಟಿಕೊಂಡೆ. ನಡುವೆ ಸಿದ್ದಲಿಂಗ ಬಾಯಿ ಬಿಟ್ಟ.

ಹೋಳಿಯ ದಿನದ ಒಂದು ಸಂಗತಿಯನ್ನು ನಿನಗೆ ಬರೆದಿರಲಿಲ್ಲ. ಬೆಂಕಿಯ ಮಗ್ಗುಲಲ್ಲಿ ನಿಂತಾಗ ಮುಖದ ಚರ್ಮ ಬಿಗಿಯಿತು, ಉಸಿರು ಸಿಗಲಿಲ್ಲ. ಆಗ ನನ್ನ ತಲೆಗೆ ಬಂದದ್ದು ಒಂದೇ: ನನ್ನ ಕಾಜಲ್ ಇದರ ಹತ್ತಿರ ಹೋಗುತ್ತಾಳೆ, ಬೇಕೆಂದೇ ಹೋಗುತ್ತಾಳೆ. ಅಳು ಬಂತು. ಹೊಗೆಗೆ ಎಂದು ಮಾಲವ್ವನಿಗೆ ಹೇಳಿದೆ. ಇದೊಂದು ಆರಲಿ, ನಾಳೆಯೇ ಹೋಗಿ ಅವಳನ್ನು ಕೈ ಹಿಡಿದು ಎಳೆದುಕೊಂಡು ಬರುತ್ತೇನೆ, ಯುಗಾದಿಯವರೆಗೂ ಕಾಯುವುದಿಲ್ಲ ಎಂದುಕೊಂಡೆ. ದೇವರಾಣೆ ಹಾಗೇ ಅಂದುಕೊಂಡೆ.

ಅಷ್ಟರಲ್ಲಿ ಇಲಾಖೆಯ ಗಾಡಿ ಬಂತಲ್ಲ, ಅದರಿಂದ ಎಲ್ಲರಿಗಿಂತ ಮೊದಲು ಜಿಗಿದವಳು ಒಬ್ಬಳು ಹುಡುಗಿ. ನಿನ್ನಷ್ಟೇ ವಯಸ್ಸು, ನಿನ್ನಷ್ಟೇ ಎತ್ತರ, ನಿನ್ನಂಥವೇ ಬೂಟು. ಕೊರಳಲ್ಲಿ ತಾಳಿ ಇತ್ತು, ಅದನ್ನು ಬೆನ್ನಿಗೆ ಹಾಕಿಕೊಂಡಳು. ನನ್ನ ಕೈಯ ಟೊಂಗೆ ಕಸಿದುಕೊಂಡು, "ಸಾಕ್ರಿ ಅಮ್ಮಾರ, ನೀವು ಹಿಂದ ಸರೀರಿ, ಇನ್ನ ನಂದು" ಎಂದಳು. ಅವಳೇ ಕಾಡಿನ ಕಡೆಯ ಬೆಂಕಿಗೆ ಅಡ್ಡ ಹೋದವಳು. ಆರಿದ ಮೇಲೆ ನೀರು ಕೊಟ್ಟು ಹೆಸರು ಕೇಳಿದೆ. ದುರ್ಗಾ ಎಂದಳು. ಮನೆಯಲ್ಲಿ ಯಾರಿದ್ದಾರೆ ಎಂದೆ. "ಅತ್ತಿ ಅದಾರ್ರಿ. ಯಾವಾಗ ಬರ್ತಿ ಯಾವಾಗ ಬರ್ತಿ ಅಂತಾರ. ಮಳಿ ಬಂದಮ್ಯಾಲ ಅಂತೇನಿ" ಎಂದು ನಕ್ಕಳು.

ಆ ದಿನದಿಂದ ಇದೇ ಯೋಚನೆ. ಆ ಹುಡುಗಿಯ ಅತ್ತೆ ನನ್ನ ಹಾಗೆ ಹಟ ಹಿಡಿದು ಅವಳನ್ನು ಮನೆಗೆ ಕರೆಸಿಕೊಂಡಿದ್ದರೆ, ಮಾಲವ್ವನ ಬಣವೆಯ ಮೂಲೆ ಮಾತ್ರವಲ್ಲ, ನಮ್ಮ ಓಣಿಯೇ ಹೋಗುತ್ತಿತ್ತು. ಕಾಡು ಹೋಗುತ್ತಿತ್ತು. ನನ್ನ ಕೈಯಿಂದ. ಯಾರದೋ ಮನೆಯ ಸೊಸೆ ಬಂದು ನನ್ನ ಮನೆ ಉಳಿಸಿದಳು. ಹಾಗಿದ್ದ ಮೇಲೆ ನನ್ನ ಮನೆಯ ಸೊಸೆಯನ್ನು ಯುಗಾದಿಯ ಹೋಳಿಗೆ ತಟ್ಟಲು ಬಾ ಎಂದು ಯಾವ ಬಾಯಿಂದ ಕರೆಯಲಿ?

ಭಯ ಹೋಗಿಲ್ಲ. ಅದು ಹೋಗುವುದಿಲ್ಲ, ನಿನ್ನ ಬಗ್ಗೆ ಯೋಚಿಸಿದಾಗಲೆಲ್ಲ ಇರುತ್ತದೆ. ಅದನ್ನು ನಾನು ನೋಡಿಕೊಳ್ಳುತ್ತೇನೆ. ನೀನು ಕೆಲಸ ನೋಡಿಕೋ.

ನಿನ್ನೆ ಬಾವಿಯ ಹತ್ತಿರ ಮತ್ತೆ ಯಾರೋ ಕೇಳಿದರು, ಸೊಸೆ ಎಲ್ಲಿ ಎಂದು. ಮಾಲವ್ವನೇ ನನಗಿಂತ ಮೊದಲು, "ಕಾಡು ಕಾಯಾಕ ಹೋಗ್ಯಾಳ. ಆಕೀ ಪತ್ರ ಇರಲಿಲ್ಲಂದ್ರ ನನ್ನ ಬಣವಿ ಇರತಿದ್ದಿಲ್ಲ" ಎಂದು ಗಟ್ಟಿಯಾಗಿ ಹೇಳಿದಳು. ನಿನ್ನ ಮಾವನಿಗೆ ವಿಷಯ ತಿಳಿಸಿದೆ. ಅವರು ಆ ದಿನದ ಮಾತನ್ನು ಬೆಳಿಗ್ಗೆಯೇ ಆಡಿ ಮುಗಿಸಿದ್ದರು. ಆದರೂ ಇನ್ನೊಂದು ಆಡಿದರು: "ಇರಲಿ ಬಿಡು ಅಲ್ಲೇ. ಹೋಗಿ ಬರೂಣು ನಾವ."

ಆದ್ದರಿಂದ ನೀನು ಬರಬೇಡ. ಬಸ್ ಹತ್ತಬೇಡ. ಮಳೆ ಬರುವವರೆಗೂ ಇರು, ಆಮೇಲೆ ವರ್ಷಪೂರ್ತಿ ಇರು. ಸಾಹೇಬರಿಗೆ ಇವತ್ತೇ ಹೂಂ ಎನ್ನು. ಅತ್ತೆ ಒಪ್ಪಿದರೇ ಎಂದು ಅವರು ಕೇಳಿದರೆ, ಬೆಂಕಿ ಹಚ್ಚಿದವಳೇ ಹೇಳಿ ಕಳಿಸಿದ್ದಾಳೆ ಎಂದು ಹೇಳು.

ಗೋಪಿಬಾಯಿ